ಲೋಟದ ತಾಳ

ಆಲಿವ್ ಜಾಡಿಯ ಮೇಲಿನ ಕಲ್ಲು ತೆಗೆದು, ಅದರಡಿಯ ಕರಿ ಬಿಲ್ಲೆಯನ್ನೂ ಎತ್ತಿ ಅಂಥಿ ಗೋಡೆಗೆ ಒರಗಿಸಿದಳು. ಅವಳ ಅಮ್ಮ ಪೊಲಿಕ್ಸೇನಿಯ ಮಣ್ಣು ಮುಗಿಸಿ ಬಂದವರು ಹೊರಗೆ ಮೀನಿನ ಸಾರಿಗೆ ಕಾದಿದ್ದರು. ಸ್ಮಶಾನದಲ್ಲಿ ಕಲಿರೋಯಿ ಅತ್ತೆ ಒಂದೇ ಸಮನೆ ಹಲುಬಿದ್ದಳು: ಪಾಪ, ನನ್ನ ಅತ್ತಿಗೆ ಒಂದು ದಿನವೂ ಸುಖ ಕಾಣಲಿಲ್ಲ. ಆ ಮಾತು ಅಂಥಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಸುಳ್ಳು ಎನ್ನೋಣವೆಂದರೆ, ಅಮ್ಮ ಬಾಯ್ತುಂಬ ನಕ್ಕಿದ್ದು ಅವಳಿಗೂ ನೆನಪಿರಲಿಲ್ಲ.

ತಟ್ಟೆ ಒಯ್ಯಲು ಬಂದ ಪಕ್ಕದ ಮನೆಯ ಸರಾಂಡಿಸ್ ಬಾಗಿಲಲ್ಲೇ ನಿಂತುಬಿಟ್ಟ. ಹಳೇ ಹಾಡಿನ ಪ್ಲೇಟುಗಳ ಹುಚ್ಚು ಅವನಿಗೆ. ಅವನು ಬರುವುದು ಕಂಡರೆ ಪಿರೇಯಸ್ ಬಂದರಿನ ಗುಜರಿಯವರು ರೇಟು ಏರಿಸುತ್ತಿದ್ದರು.

"ಅಂಥಿ, ಇದು ಮುಚ್ಚಳ ಅಲ್ಲ ಕಣೆ, ಪ್ಲೇಟು."

"ನಾನು ಹುಟ್ಟಿದಾಗಿಂದ ಮುಚ್ಚಳಾನೇ."

ಮೇಲಿನ ಚೀಟಿ ಉಪ್ಪಿಗೆ ಕರಗಿಹೋಗಿತ್ತು. ರೆಬೆಟಿಕೊ ಇರಬೇಕು ಎಂದ ಅವನು. ಹಶೀಶು ಸೇದುವ ಅಡ್ಡೆಗಳಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಹಾಡುತ್ತಿದ್ದ ಹಾಡು. ಸರ್ವಾಧಿಕಾರಿಯ ಕಾಲದಲ್ಲಿ ಜನ ಹೆದರಿ ಎಷ್ಟೋ ಪ್ಲೇಟು ಒಡೆದುಹಾಕಿದ್ದರು.

ಅವನು ಅದನ್ನು ಹೊರಗೆ ತಂದು ಹಾಕಿ ನೋಡೋಣವೆಂದಾಗ, ಸಾವಿನ ಮನೆಯಲ್ಲಿ ನಲವತ್ತು ದಿನ ರೇಡಿಯೋ ಕೂಡ ಹಾಕಬಾರದು, ಅದರಲ್ಲೂ ಪುಂಡರ ಹಾಡೇ ಎಂದು ಅತ್ತೆ ರೇಗಿದಳು. ಆದರೆ ಅಮ್ಮನ ತಮ್ಮ ಪ್ರೊದ್ರೊಮೋಸ್ ಬಿಲ್ಲೆಯನ್ನು ಕಂಡವನೇ ಕೈಲಿದ್ದ ಚಮಚ ಕೆಳಗಿಟ್ಟ.

"ಇಟ್ಕೊಂಡಿದ್ಲಾ ಇದನ್ನ? ಹಾಕಪ್ಪ, ಕೇಳೋಣ."

*

ಅಂಥಿ ಚಿಕ್ಕವಳಿದ್ದಾಗ, ಅಪ್ಪ ಹಡಗುಕಟ್ಟೆಗೆ ಹೋದ ಸಂಜೆಗಳಲ್ಲಿ ಅಮ್ಮ, ಅವನು ಹೊತ್ತು ಕಳೆಯಲು ಬೆರಳಲ್ಲಿ ತಿರುಗಿಸುತ್ತಿದ್ದ ಮಣಿಸರವನ್ನು ಮೊಳೆಯಿಂದ ತೆಗೆದು ರವಿಕೆಯ ಗುಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಸರವನ್ನು ಬಿಗಿಹಿಡಿದು, ಬಲಗೈಯ ಲೋಟವನ್ನು ಮಣಿಗಳ ಮೇಲೆ ಉಜ್ಜುತ್ತಿದ್ದಳು. ಕಿಣಿ ಕಿಣಿ ಕಿಣಿ, ಒಂದು ಕ್ಷಣ ಮೌನ, ಆಮೇಲೆ ಕಿಣಿ ಕಿಣಿ.

"ಅದೇನಮ್ಮಾ?"

"ಲೋಟ ತೊಳೀತಿದೀನಿ."

ಅಪ್ಪನ ಹೆಜ್ಜೆ ಕೇಳಿಸಿತೋ, ಲೋಟ ನೀರಿಗೆ, ಸರ ಮೊಳೆಗೆ.

*

ಸರಾಂಡಿಸ್ ತಂದ ಗ್ರಾಮಫೋನು ಮೊದಲು ಬರೀ ಕರಕರ ಎಂದಿತು. ಆಮೇಲೆ ಬುಜೂಕಿಯ ತಂತಿ ಮಿಡಿಯಿತು, ಒಡಕು ಗಂಡುದನಿ ಎದ್ದಿತು. ಅದರ ಹಿಂದೆಯೇ ಕಿಣಿ ಕಿಣಿ ಕಿಣಿ, ಒಂದು ಕ್ಷಣ ಮೌನ, ಕಿಣಿ ಕಿಣಿ.

ಅಂಥಿ ಮೇಜು ಹಿಡಿದುಕೊಂಡಳು.

"ಅಮ್ಮ," ಎಂದಳು. "ಲೋಟ ತೊಳೀತಿದಾಳೆ."

ಮಾಮ ಕಣ್ಣೊರೆಸಿಕೊಂಡ. "ಹದಿನೇಳೋ ಹದಿನೆಂಟೋ ಅವಳಿಗೆ. ನಮ್ಮಪ್ಪನ ಹೆಂಡದಂಗಡಿಗೆ ಬರ್ತಿದ್ದ ಹಾಡುಗಾರರು ಪ್ಲೇಟು ಮಾಡೋವಾಗ ಲೋಟದ ತಾಳ ಹಾಕೋಕೆ ಅವಳನ್ನ ಕರ್ಕೊಂಡು ಹೋಗಿದ್ರು. ಯಾರಿಗೂ ಹೇಳ್ಬೇಡ ಅಂತ ನಂಗೆ ಮಿಠಾಯಿ ಕೊಡಿಸಿದ್ಲು. ನೋಡು, ಇವತ್ತಿನವರೆಗೂ ಹೇಳಿಲ್ಲ."

ಹಾಡು ಮುಗಿಯಿತು. ಸರಾಂಡಿಸ್ ಮುಳ್ಳು ಎತ್ತಲು ಹೋದ. ಅಂಥಿ ಅವನ ಕೈ ತಡೆದಳು. ಪ್ಲೇಟಿನ ಕೊನೆಯ ಸುತ್ತಿನಲ್ಲಿ, ಧ್ವನಿಮುದ್ರಣ ಮುಗಿಯಿತೆಂದುಕೊಂಡು, ಒಬ್ಬ ಹುಡುಗಿ ಬಾಯ್ತುಂಬ ನಕ್ಕಳು.

ಅಂಥಿಗೆ ಅಳು ಬಂತು, ಅಳುವಿನ ಜೊತೆಗೇ ಹೊಟ್ಟೆ ತಣ್ಣಗಾದಂತಹ ಸಂತೋಷವೂ ಬಂತು.

"ಇನ್ನೊಂದ್ಸಲ ಹಾಕು," ಎಂದಳು.

ಮೊಳೆಯಲ್ಲಿದ್ದ ಮಣಿಸರ ತಂದು ಕಪ್ಪು ರವಿಕೆಯ ಗುಂಡಿಗೆ ಸಿಕ್ಕಿಸಿಕೊಂಡಳು. ಲೋಟಕ್ಕಾಗಿ ಸುತ್ತ ನೋಡಿದಾಗ, ಕಲಿರೋಯಿ ಅತ್ತೆ ತನ್ನ ಬ್ರಾಂದಿಯನ್ನು ಒಂದೇ ಗುಟುಕಿಗೆ ಮುಗಿಸಿ, ಖಾಲಿ ಲೋಟವನ್ನು ಕಪ್ಪು ಶಾಲಿನ ತುದಿಯಲ್ಲಿ ಒರೆಸಿ ಅವಳತ್ತ ಚಾಚಿದಳು.