ಇಬ್ಬನಿ ಆರುವ ಮುನ್ನ

ಕೆಂದು ಹಸು ಸತ್ತ ದಿನದಿಂದ ಹಾಲಿನಕ್ಕ ತನ್ನ ಮೈದುನನಿಗೆ ‘ನೀವು’ ಎನ್ನತೊಡಗಿದಳು. ಹದಿನೆಂಟು ವರ್ಷ ‘ಏನಪ್ಪಾ, ಊಟ ಆಯ್ತಾ?’ ಎಂದು ಕೇಳಿದ ಬಾಯಿ ಈಗ ಬೇಲಿಯಾಚೆ ಕಣ್ಣೆತ್ತಿಯೂ ನೋಡದೆ ‘ನಿಮ್ಮ ಕೆಲಸ ನೀವು ನೋಡ್ಕೊಳ್ಳಿ’ ಎನ್ನುತ್ತಿತ್ತು. ಬೈಗುಳಕ್ಕಿಂತ ಈ ಮರ್ಯಾದೆಯೇ ಚೆನ್ನಾಗಿ ನಾಟುತ್ತದೆಂದು ಅವಳಿಗೆ ಗೊತ್ತಿತ್ತು.

ಅರ್ಧ ಊರಿಗೆ ಹಾಲು ಹಾಕುತ್ತಿದ್ದುದರಿಂದ ಅವಳಿಗೆ ಆ ಹೆಸರು ಬಂದಿತ್ತು. ಎಂಟು ಹಸು, ದಿಬ್ಬದ ಮೇಲೊಂದು ಹೊಲ. ಎರಡು ವರ್ಷದ ಹಿಂದೆ ಆ ಹೊಲಕ್ಕೆ ಹುಲ್ಲಿನ ಜೊತೆ ಕ್ಲೋವರ್ ಬಿತ್ತಿಸಿದ್ದಳು. ಮೂರು ಮೂರು ದುಂಡೆಲೆ, ಬಿಳಿ ಹೂವು, ನೆಲಕ್ಕಂಟಿಕೊಂಡು ಹಬ್ಬುವ ಮೇವು. ಹಸುಗಳಿಗೆ ಅದೆಂದರೆ ಪ್ರಾಣ. ಹಾಲೂ ಹೆಚ್ಚಿತ್ತು. ಆದರೆ ಒಂದು ಕಟ್ಟುಪಾಡು: ಬೆಳಿಗ್ಗೆ ಮೊದಲು ಒಣಹುಲ್ಲು ತಿನ್ನಿಸಿ, ಇಬ್ಬನಿ ಆರಿದ ಮೇಲೆಯೇ ಗೇಟು ತೆಗೆಯಬೇಕು. ಹಸಿದ ಹಸು ಒದ್ದೆ ಕ್ಲೋವರಿಗೆ ಬಾಯಿ ಹಾಕಿತೋ, ಹೊಟ್ಟೆಯೊಳಗೆ ನೊರೆ ಎದ್ದು, ಗಾಳಿಗೆ ದಾರಿ ಸಿಗದೆ ಉಬ್ಬರಿಸಿಕೊಳ್ಳುತ್ತದೆ. ಗಂಟೆಯೊಳಗೆ ನೋಡದಿದ್ದರೆ ಮುಗಿಯಿತು.

ಆ ದಿನ ಅವಳು ಊರಲ್ಲಿರಲಿಲ್ಲ. ಅಕ್ಕನ ಮನೆಯಲ್ಲಿ ಒಂದು ರಾತ್ರಿ ಇದ್ದು, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದಾಗ ಗೇಟು ಹಾರುಹೊಡೆದಿತ್ತು. ಕೆಂದು ಹಸು ಕಾಲು ಚಾಚಿ ಬಿದ್ದಿತ್ತು, ಹೊಟ್ಟೆ ತಮಟೆಯಾಗಿತ್ತು. ಕರಿ ಹಸು ಮಾತ್ರ ನಿಂತಲ್ಲೇ ಏದುಸಿರು ಬಿಡುತ್ತಿತ್ತು. ದನದ ಡಾಕ್ಟರು ಬಂದವರೇ ಅದರ ಎಡಪಕ್ಕೆಗೆ ದಪ್ಪ ಸೂಜಿಯಂಥ ಕೊಳವೆ ಚುಚ್ಚಿದರು. ಬುಸ್ಸೆಂದು ಗಾಳಿ, ಹಿಂದೆಯೇ ನೊರೆ. ಅದು ಬದುಕಿತು. ಕೆಂದು ಹಸುವಿನ ಕಣ್ಣು ಮುಚ್ಚಿಸಿ ಡಾಕ್ಟರು ಕೈ ತೊಳೆದುಕೊಂಡರು.

“ನಾನು ಕ್ಯಾನ್ ತೊಳೀತಿದ್ದೆ,” ಎಂದ ಗಂಡ, ನೆಲ ನೋಡುತ್ತಾ. “ಯಾರೋ ಗೇಟು ತೆಗೆದಿದ್ದಾರೆ.”

“ಯಾರೋ ಏನು ಯಾರೋ. ನಿಮ್ಮ ತಮ್ಮನೇ.”

ಗಂಡ ಏನೂ ಹೇಳಲಿಲ್ಲ. ಅಣ್ಣನ ಕರುಳಲ್ಲವೇ, ಅವನ ಬಾಯಿಂದ ಹೇಗೆ ಬರುತ್ತದೆ ಎಂದುಕೊಂಡಳು.

ಗೇಟು ಇದ್ದದ್ದು ಹೊಲದ ಕೆಳಮೂಲೆಯಲ್ಲಿ, ಮೈದುನನ ಪಾಲಿಗೆ ಒತ್ತಿಕೊಂಡಂತೆ. ಅವನು ಮರದ ಮಿಲ್ಲಿನಲ್ಲಿ ಕೆಲಸ ಮಾಡುವವನು, ಒಂಟಿ ಜೀವ. ಒಂದು ಮೇಕೆಯನ್ನೂ ಸಾಕಿದವನಲ್ಲ. ಅಂಥವನು ಕಾಡಂಚಿನ ತನ್ನ ಪಾಲಿನಲ್ಲೂ ಕ್ಲೋವರನ್ನೇ ಬಿತ್ತಿದ್ದ. ಯಾರಿಗೆ ಎಂದರೆ, ಜಿಂಕೆಗೆ, ಮೊಲಕ್ಕೆ. ಕೇಳಿದವರು ನಕ್ಕರು. ಹಾಲಿನಕ್ಕ ನಗಲಿಲ್ಲ. ಹಾಲು ಕರೆಯಲಾಗದ ಪ್ರಾಣಿಗೆ ಯಾರಾದರೂ ಸುಮ್ಮನೆ ಮೇವು ಬೆಳೆಯುತ್ತಾರೆಯೇ?

ಒಮ್ಮೆ ಗುಮಾನಿ ಹೊಕ್ಕ ಮೇಲೆ ಹಳೆಯದೆಲ್ಲ ಎದ್ದು ಬಂತು. ಹಿಂದಿನ ವರ್ಷ ಅವನು ತೊರೆಗೆ ಹೋಗಲು ಇವಳ ಹೊಲದಲ್ಲೊಂದು ಕಾಲುದಾರಿ ಕೇಳಿದ್ದ; ಇವಳು ಆಗುವುದಿಲ್ಲ ಎಂದಿದ್ದಳು. ಅವನು ಬಿತ್ತಿದ ಬೀಜ ನೀಲಿ ನೀಲಿಯಾಗಿತ್ತು. ಬೀಜಕ್ಕೆ ನೀಲಿ ಬಣ್ಣ ಯಾಕೆ, ವಿಷವಿರಬೇಕು. ಆ ಮೇವಿನ ನಡುವೆ ಒಂದು ತಂತಿಯ ಪಂಜರ ಇಟ್ಟಿದ್ದ, ಬೋನಿರಬೇಕು. ತಿಂಗಳ ಹಿಂದೆ ಜೀಪಿನಲ್ಲಿ ಇಬ್ಬರು ಬಂದು ಉದ್ದನೆಯ ಚೀಲ ಇಳಿಸಿಕೊಂಡು ಕಾಡಿನೊಳಗೆ ಹೋಗಿದ್ದರು. ಜಿಂಕೆಗೆ ಮೇವಿಟ್ಟು ಕರೆಯುವುದು, ಬೇಟೆಗಾರರಿಗೆ ತೋರಿಸುವುದು. ಲೆಕ್ಕ ಸರಿಯಾಗಿ ಕೂಡಿಬಂತು. ಹಾಲು ಅಳೆಯುತ್ತಾ ಅಳೆಯುತ್ತಾ ಮನೆಮನೆಯ ಬಾಗಿಲಲ್ಲೂ ಅದನ್ನೇ ಹೇಳಿದಳು. ವಾರದೊಳಗೆ ಊರಿನವರು ಮೈದುನನನ್ನು ಕಂಡರೆ ಮಾತು ನಿಲ್ಲಿಸತೊಡಗಿದರು.

“ಬಿಡೇ, ಆಗಿದ್ದು ಆಯ್ತು,” ಎನ್ನುತ್ತಿದ್ದ ಗಂಡ. “ಅದನ್ನೇ ಎಷ್ಟು ಸಲ ಹೇಳ್ತೀಯ.”

“ನಿಮಗೆ ತಮ್ಮ ದೊಡ್ಡೋನು. ನನಗೆ ಹಸು.”

ಹದಿನೇಳನೆಯ ದಿನ ಮಧ್ಯಾಹ್ನ ಮೈದುನ ಮಿಲ್ಲಿಗೆ ಹೋಗಿರುತ್ತಾನೆಂದುಕೊಂಡು, ಬೋನನ್ನು ಕಣ್ಣಾರೆ ನೋಡಿ ಊರಿಗೆ ತೋರಿಸುವುದೇ ಸರಿ ಎಂದು ಅವಳು ಬೇಲಿ ದಾಟಿದಳು. ನೋಡಿದರೆ ಅವನು ಅಲ್ಲೇ, ಪಂಜರದ ಪಕ್ಕ ಮಂಡಿಯೂರಿ ಕುಳಿತಿದ್ದ. ಕೈಯಲ್ಲಿ ಅಳತೆಪಟ್ಟಿ.

“ಬನ್ನಿ ಅತ್ತಿಗೆ,” ಎಂದ. ಎದ್ದು ನಿಲ್ಲಲೋ ಬೇಡವೋ ಎಂಬಂತಿದ್ದ.

“ಇದೇನು ಇಟ್ಟಿದೀರಿ ಇಲ್ಲಿ?”

“ಪಂಜರ. ಇದರೊಳಗಿನ ಮೇವನ್ನ ಯಾವ ಪ್ರಾಣಿನೂ ತಿನ್ನೋಕಾಗಲ್ಲ. ಒಳಗೆಷ್ಟು ಎತ್ತರ, ಹೊರಗೆಷ್ಟು ಎತ್ತರ ಅಂತ ಅಳೆದರೆ ಜಿಂಕೆ ಎಷ್ಟು ತಿಂದಿವೆ ಅಂತ ಗೊತ್ತಾಗುತ್ತೆ.”

ಅವಳು ಬಗ್ಗಿ ನೋಡಿದಳು. ಒಳಗಿನದು ಗೇಣೆತ್ತರ ನಿಂತಿತ್ತು. ಹೊರಗಿನದು ಕತ್ತರಿ ಹಾಕಿದಂತೆ ನೆಲಸಮ. ಪಂಜರಕ್ಕೆ ಬಾಗಿಲೇ ಇರಲಿಲ್ಲ. ಬಾಗಿಲಿಲ್ಲದ ಬೋನಿಗೆ ಯಾವುದು ಬೀಳುತ್ತದೆ?

“ಆ ನೀಲಿ ಬೀಜ?”

“ಬೇರಿಗೆ ಬೇಕಾದ ಒಂದು ಜೀವಾಣು ಪುಡಿ ಅತ್ತಿಗೆ. ಗುರುತಿಗೆ ಬಣ್ಣ ಸೇರಿಸಿ ಅಂಗಡಿಯಲ್ಲೇ ಬಳಿದು ಕೊಡ್ತಾರೆ. ನಿಮ್ಮ ಹೊಲಕ್ಕೆ ಹಾಕಿದ್ದೂ ಅದೇ. ಬೀಜ ತಂದು ಕೊಟ್ಟೋನು ನಾನೇ, ಬಿತ್ತಿದ್ದು ಅಣ್ಣ. ನೀವು ಚೀಲ ಬಿಚ್ಚಿ ನೋಡಿರಲಿಲ್ಲ ಅಷ್ಟೇ.”

“ಜೀಪಿನೋರು?”

“ಹಕ್ಕಿ ಫೋಟೋ ತೆಗೆಯೋರು.”

ಇದನ್ನು ಅವಳು ಪೂರ್ತಿ ನಂಬಲಿಲ್ಲ. ಎಲ್ಲದಕ್ಕೂ ಇಷ್ಟು ಸಲೀಸಾಗಿ ಉತ್ತರ ಬರುತ್ತಿದೆಯೆಂದರೆ ಕೂತು ತಯಾರಿ ಮಾಡಿಕೊಂಡಿರಬೇಕು. ಸುತ್ತ ಕಣ್ಣಾಡಿಸಿದಳು. ಕಾಡಂಚಿನ ಮರವೊಂದಕ್ಕೆ ಬೆಲ್ಟಿನಿಂದ ಬಿಗಿದ ಸಣ್ಣ ಪೆಟ್ಟಿಗೆ, ನಡುವೆ ಗಾಜಿನ ಕಣ್ಣು.

“ಅದು ಕ್ಯಾಮೆರಾನಾ?”

“ಹೂಂ. ಏನಾದ್ರೂ ಅಲುಗಾಡಿದರೆ ತಾನೇ ಫೋಟೋ ತೆಗೆಯುತ್ತೆ. ಯಾವ ಜಿಂಕೆ ಬಂತು, ಎಷ್ಟು ಬಂತು ಅಂತ.”

ಅವಳು ಮರದ ಬಳಿ ಹೋಗಿ, ಪೆಟ್ಟಿಗೆಗೆ ಬೆನ್ನು ಕೊಟ್ಟು, ಅದು ನೋಡುವ ಕಡೆಗೇ ನೋಡಿದಳು. ಕ್ಲೋವರಿನಾಚೆ ಬೇಲಿ. ಬೇಲಿಯ ಮೂಲೆಯಲ್ಲಿ ಅವಳ ಗೇಟು.

“ನಮ್ಮ ಗೇಟೂ ಕಾಣುತ್ತಲ್ಲ ಇದಕ್ಕೆ.”

ಮೈದುನ ಅಳತೆಪಟ್ಟಿ ಸುತ್ತತೊಡಗಿದ. “ಆವತ್ತು ಬ್ಯಾಟರಿ ಖಾಲಿಯಾಗಿತ್ತು.”

“ಯಾವತ್ತು ಅಂತ ನಾನು ಕೇಳ್ಲೇ ಇಲ್ವಲ್ಲ.”

ಅವನ ಮುಖ ಕಪ್ಪಿಟ್ಟಿತು. ಸಿಕ್ಕಿಬಿದ್ದ ಎಂದುಕೊಂಡಳು ಹಾಲಿನಕ್ಕ. ಫೋನಿನಲ್ಲಿ ಹಾಕಿಕೊಂಡಿರುತ್ತೀರಲ್ಲ, ತೋರಿಸಿ ಎಂದಳು. ಅವನು ಒಂದೆರಡು ಜಿಂಕೆ ತೋರಿಸಿ ಬೇಗಬೇಗ ಬೆರಳಾಡಿಸಿದ. ಅವಳು ನೋಡಿದ್ದು ಜಿಂಕೆಯನ್ನಲ್ಲ, ಫೋಟೋದ ಕೆಳಗಿನ ತಾರೀಖನ್ನು. ಕೆಂದು ಹಸು ಸತ್ತ ದಿನದ್ದು ಬಂದಾಗ ಫೋನನ್ನು ಅವನ ಕೈಯಿಂದಲೇ ಕಿತ್ತುಕೊಂಡಳು.

“ಬೇಡ ಅತ್ತಿಗೆ,” ಎಂದ ಅವನು. ಸಣ್ಣ ದನಿಯಲ್ಲಿ, ಬೇಡುವಂತೆ.

ಫೋಟೋದಲ್ಲಿ ಒಂದು ಹೆಣ್ಣು ಜಿಂಕೆ ತಲೆಯೆತ್ತಿ ಗೇಟಿನ ಕಡೆ ಕಿವಿ ನಿಮಿರಿಸಿತ್ತು. ಬೆಳಿಗ್ಗೆ ಆರೂ ಹನ್ನೆರಡು. ಗೇಟಿನ ಅಗುಳಿ ಎಳೆಯುತ್ತಿದ್ದವನು ಹಸಿರು ರೇನ್‌ಕೋಟ್ ಹಾಕಿದ್ದ. ಬಲತೋಳಿಗೆ ಕಪ್ಪು ತೇಪೆ. ಆ ತೇಪೆ ಹೊಲಿದವಳು ಅವಳೇ.

ಫೋನನ್ನು ಅವನ ಕೈಗೆ ವಾಪಸ್ ಕೊಟ್ಟು ಕೇಳಿದಳು: “ಯಾಕೋ ಹೇಳ್ಲಿಲ್ಲ?”

“ಅಣ್ಣನೇ ಹೇಳ್ತಾನೆ ಅಂತ ಕಾದೆ. ಆಮೇಲೆ ದಿನ ಕಳೆದ ಹಾಗೆ... ನಾನು ಹೇಳಿದ್ರೆ ನೀವು ನಂಬ್ತಿದ್ರಾ?”

ನಂಬುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಗಂಡ ಅಂಗಳದಲ್ಲಿ ಹಾಲು ಸೋಸುವ ಜರಡಿಗೆ ಬಟ್ಟೆ ಕಟ್ಟುತ್ತಿದ್ದ. ಅವಳು ಎದುರಿಗೆ ನಿಂತು, “ಗೇಟು ತೆಗೆದೋರು ಯಾರು ಅಂತ ಗೊತ್ತಾಯ್ತು,” ಎಂದಳು.

ಅವನ ಕೈ ನಿಂತಿತು. “ಅವನು ಹೇಳಿದ್ನಾ?”

“ಇಲ್ಲ. ಅವನು ಹೇಳ್ಲೇ ಇಲ್ಲ.”

ಗಂಡ ಜರಡಿಯನ್ನು ಕೆಳಗಿಟ್ಟ. ಆ ದಿನ ಬೆಳಕು ಹರಿಯುವಾಗಲೇ ಹಸುಗಳು ಹಸಿದು ಕೂಗತೊಡಗಿದ್ದವಂತೆ. ಸೊಂಟ ಹಿಡಿದುಕೊಂಡಿತ್ತಂತೆ. ಅಟ್ಟ ಹತ್ತಿ ಒಣಹುಲ್ಲು ಇಳಿಸಬೇಕಲ್ಲ, ಒಂದು ದಿನಕ್ಕೆ ಏನಾಗುತ್ತೆ ಅಂದುಕೊಂಡನಂತೆ.

“ಹಸು ಹೋಗಿದ್ದಿರಲಿ. ನಾನು ಊರು ತುಂಬ ಅವನ ಹೆಸರು ಕೆಡಿಸ್ತಿದ್ದಾಗ ಹೇಗೆ ಸುಮ್ನಿದ್ರಿ?”

“ಹೆಸರು ಎತ್ತಿದೋಳು ನೀನು,” ಎಂದ ಗಂಡ. ಎದುರು ಮಾತಿನಂತಿರಲಿಲ್ಲ, ಸೋತ ದನಿ. “ನಾನು ಯಾರೋ ಅಂದೆ. ನೀನು ಅವನು ಅಂದೆ. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ.”

ಅವಳು ಒಳಗೆ ಹೋಗಿ ಲೋಟ ನೀರು ಕುಡಿದು ಬಂದು, “ನಾಳೆ ಹಾಲು ಹಾಕೋಕೆ ನೀವೂ ಬನ್ನಿ,” ಎಂದಳು. “ನಾನು ಎಲ್ಲೆಲ್ಲಿ ಹೇಳಿದೀನೋ ಅಲ್ಲೆಲ್ಲ ನೀವೇ ನಿಂತು ಹೇಳಬೇಕು.”

ಮರುದಿನ ಇಬ್ಬರೂ ಹೊರಟರು. ಮೊದಲ ಮನೆ ನಿವೃತ್ತ ಮೇಷ್ಟರದು. ಮೇಷ್ಟರು ಪಾತ್ರೆ ಹಿಡಿದು ಬಂದಾಗ ಗಂಡ ತಲೆ ತಗ್ಗಿಸಿ, “ಆವತ್ತು ಗೇಟು ತೆಗೆದದ್ದು ನಾನೇ. ನನ್ನ ತಮ್ಮನದೇನೂ ತಪ್ಪಿಲ್ಲ,” ಎಂದ.

ಮೇಷ್ಟರು ಅವನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, “ಅಣ್ಣ ಅಂದ್ರೆ ಹೀಗಿರ್ಬೇಕು ಕಣಪ್ಪ,” ಎಂದರು. “ತಮ್ಮ ಮಾಡಿದ್ದನ್ನ ತಲೆ ಮೇಲೆ ಹೊತ್ಕೊಂಡ್ಯಲ್ಲ.”

“ಇಲ್ಲ ಮೇಷ್ಟ್ರೇ, ನಿಜವಾಗ್ಲೂ ಇವರೇ,” ಎಂದಳು ಹಾಲಿನಕ್ಕ. “ಫೋಟೋ ಇದೆ. ನಾನೇ ಕಣ್ಣಾರೆ ನೋಡಿದೀನಿ.”

“ಫೋಟೋನಾ? ಯಾರು ತೆಗೆದದ್ದು?”

“ಮೈದುನನ ಕ್ಯಾಮೆರಾದ್ದು.”

“ಹೂಂ,” ಎಂದರು ಮೇಷ್ಟರು, ಹಾಲಿನ ಪಾತ್ರೆಗೆ ಮುಚ್ಚಳ ಮುಚ್ಚುತ್ತಾ. “ಅವನ ಕ್ಯಾಮೆರಾದ್ದು.”

ಬಾಗಿಲು ಹಾಕಿಕೊಂಡಿತು. ಗಂಡ ಹೆಂಡತಿ ಮೆಟ್ಟಿಲಿಳಿದರು. ಮುಂದಿನ ಮನೆಯ ಕಿಟಕಿಯಲ್ಲಿ ಯಾರೋ ಪರದೆ ಸರಿಸಿ ಇವರನ್ನೇ ನೋಡುತ್ತಿದ್ದರು. ಹಾಲಿನಕ್ಕ ಕ್ಯಾನು ಎತ್ತಿಕೊಂಡಳು. ಇನ್ನೂ ಇಪ್ಪತ್ತೆರಡು ಮನೆ ಇತ್ತು.