ಟೈರಿನಲ್ಲಿ ಕೂರಿಸಿದ ಕೂಸು

ಉಚ್ಚಂಗಿದುರ್ಗದ ಕಡೆಯ ಅರಸೀಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಶೇಖಾವಲಿಯ ಪಂಕ್ಚರ್ ಅಂಗಡಿ. ಅಂಗಡಿಯ ಮುಂದೆ ನೆಲಕ್ಕೆ ಮಲಗಿಸಿದ ಹಳೆಯ ಲಾರಿ ಟೈರು. ಟೈರಿನ ನಡುವೆ ಅವನ ಮಗಳು ಸೈಮಾ. ಮೂರು ವರ್ಷ ತುಂಬುತ್ತಾ ಬಂದಿದೆ. ತಾಯಿ ಕೂಲಿಗೆ ಹೋದರೆ ಸಂಜೆಯವರೆಗೆ ಕೂಸಿಗೆ ಅದೇ ತೊಟ್ಟಿಲು. ರಸ್ತೆಗೆ ಓಡುವ ಭಯವಿಲ್ಲ.

"ಎಂಥಾ ಶಾಣ್ಯಾ ಕೂಸಪಾ! ತುಟಿ ಪಿಟಕ್ ಅನ್ನಂಗಿಲ್ಲ," ಎಂದ ಸೈಕಲ್ ತಂದಿದ್ದ ಹುಲುಗಪ್ಪ.

ಆಗ ತಾನೇ ಬಸ್ಸಿಳಿದು ಬಂದ ಮೆಹರೀನಳಿಗೆ ಮೈಯೆಲ್ಲ ಉರಿಯಿತು. ಅವಳು ಶೇಖಾವಲಿಯ ತಂಗಿ. ಬಡವರ ಮಕ್ಕಳ ಮೊದಲ ಆರು ವರ್ಷಗಳ ಬಗ್ಗೆಯೇ ಧಾರವಾಡದಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು. ಎಲ್ಲ ಮಕ್ಕಳಿಗೂ ಒಂದೇ ಆರೈಕೆ ಸಿಗಬೇಕೆಂದು ಹಲವಾಗಲು, ಉಚ್ಚಂಗಿದುರ್ಗ ಎಂದು ಊರೂರು ತಿರುಗಿ, ಅಧಿಕಾರಿಗಳ ಜತೆ ಜಗಳವಾಡಿದವಳು. ಈಗ ನೋಡಿದರೆ ದೀಪದ ಬುಡದಲ್ಲೇ ಕತ್ತಲೆ!

"ಮಾತಾಡದ ಕೂಸಿಗೆ ಶಾಣ್ಯಾ ಅಂತೀರಲ್ಲ, ಅದರ ಜತಿ ಯಾರರ ಮಾತಾಡೀರೇನು?"

"ಏನು ಅವಸರ ಐತಿ? ಆರು ವರ್ಷಕ್ಕ ಸಾಲಿಗೆ ಹಾಕ್ತೀನಿ. ಅಲ್ಲಿ ಕಲೀತಾಳ," ಎಂದ ಶೇಖಾವಲಿ.

"ಅಷ್ಟೊತ್ತಿಗೆ ತಡ ಆಗಿರತೈತಿ ಭಾಯ್! ಮೆದುಳು ಭರ್ತಿ ಬೆಳಿಯೋದ ಈ ವಯಸ್ಸಿನಾಗ. ಆಡಬೇಕು, ಹಾಡಬೇಕು, ಕಥಿ ಕೇಳಬೇಕು. ಅಂಗನವಾಡಿ ಮತ್ಯಾಕೈತಿ?"

"ನಮ್ಮ ಓಣಿ ಮಕ್ಕಳನ್ನ ಒಳಗ ಕುಂದ್ರಸಂಗಿಲ್ಲ ಮೆಹರೀನ. ಬಾಗಲಾಗ ಡಬ್ಬಿಗೆ ಉಪ್ಪಿಟ್ಟು ಹಾಕಿ ಕಳಸ್ತಾರ. ಹೊಟ್ಟಿಗೆ ಸಿಕ್ತಲ್ಲ, ಸಾಕು."

"ಸಾಕಂತ, ಸಾಕು!" ಮೆಹರೀನ ಕೂಸನ್ನು ಸೊಂಟಕ್ಕೆತ್ತಿಕೊಂಡು ಅಂಗನವಾಡಿಯತ್ತ ನಡೆದೇಬಿಟ್ಟಳು. ಜಗಳ ಖಾತ್ರಿ ಎಂದು ಶೇಖಾವಲಿಯೂ ಬೆನ್ನು ಹತ್ತಿದ.

ಅಂಗನವಾಡಿಯೊಳಗೆ ಮೇಲಿನ ಓಣಿಯ ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಕಾರ್ಯಕರ್ತೆ ಪಂಪಮ್ಮ ಬಾಗಿಲಿಗೆ ಅಡ್ಡ ಬಂದಳು. "ಮನ್ಯಾಗ ಉರ್ದು ಮಾತಾಡೋ ಈ ಮಕ್ಕಳಿಗೆ ಕನ್ನಡ ಬರಂಗಿಲ್ರಿ ಮೇಡಂ. ಸುಮ್ನ ಯಾಕ ಕುಂದ್ರಬೇಕು?"

"ಬರಂಗಿಲ್ಲಂತನ ಒಳಗ ಕರೀಬೇಕ್ರಿ! ಎಲ್ಲಾ ಬರೋ ಮಕ್ಕಳಿಗೆ ಕಲಸಾಕ ನೀವ್ಯಾಕ ಬೇಕು? ಇದು ಸರ್ಕಾರದ್ದು, ಯಾರಪ್ಪನ ಮನಿ ಅಲ್ಲ. ಸರೀರಿ!"

ಒಳಗೆ ಹೋಗಿ ಸೈಮಾಳನ್ನು ನೆಲಕ್ಕೆ ಬಿಟ್ಟಳು. ವಿಶಾಲವಾದ ಕೋಣೆ. ಮಕ್ಕಳು "ಬಾ, ಬಾ" ಎಂದು ಚೆಂಡು ಉರುಳಿಸಿದರು. ಸೈಮಾ ಬಿಟ್ಟಲ್ಲೇ ಕುಳಿತಳು. ಮೊಣಕಾಲು ಮಡಿಚಿ, ಕೈ ಒಳಗೆಳೆದುಕೊಂಡು, ಸುತ್ತಲೂ ಟೈರು ಇದ್ದಂತೆಯೇ ಕುಳಿತಳು. ಚೆಂಡು ಕಾಲಿಗೆ ತಾಗಿ ನಿಂತರೂ ಕೈ ಚಾಚಲಿಲ್ಲ.

ಶೇಖಾವಲಿ ಒಳಗೆ ಬಂದು ಮಗಳ ಪಕ್ಕ ಕುಕ್ಕರಿಸಿದ. "ಯಾ ಅಲ್ಲಾ! ಕಾಯ್ತೀನಿ ಅಂತ ನಾನ ಕಟ್ಟಿ ಹಾಕಿದ್ನಲ್ಲ!" ಪಂಪಮ್ಮನ ಕಡೆ ತಿರುಗಿದಾಗ ಅವನ ಕಣ್ಣುಗಳು ಕೆಂಪಾಗಿದ್ದವು. "ಅಕ್ಕಾರ, ನಾಳಿಂದ ನಮ್ಮ ಓಣಿಯಿಂದ ಡಬ್ಬಿ ಬರಂಗಿಲ್ಲ. ಮಕ್ಕಳು ಬರ್ತಾರ. ಒಳಗ ಕುಂತು, ಎಲ್ಲಾರ ಜತಿ ಉಣ್ತಾರ."

ಪಂಪಮ್ಮ ಬಾಗಿಲು ಬಿಟ್ಟು ಸರಿದಳು. ಆ ರಾತ್ರಿ ಶೇಖಾವಲಿ ಓಣಿಯ ಮನೆಮನೆಗೂ ಹೋಗಿ ಹೇಳಿದ. ಮರುದಿನ ಓಣಿಯ ಅಷ್ಟೂ ಮಕ್ಕಳು ಡಬ್ಬಿಯಿಲ್ಲದೆ ಬರಿಗೈಯಲ್ಲಿ ಒಳಗೆ ಬಂದರು. ಸೈಮಾ ಚೆಂಡು ಮುಟ್ಟಲು ಇನ್ನೂ ಬಹಳ ದಿನ ಹಿಡಿಯಿತು. ಟೈರಿನಲ್ಲಿ ಕಳೆದ ದಿನಗಳನ್ನು ಅವಳಿಗೆ ಯಾರು ವಾಪಸ್ ಕೊಡುತ್ತಾರೆ?

ಅಕ್ಕಂದಿರೇ, ಅಣ್ಣಂದಿರೇ, ಮಗು ಸುಮ್ಮನೆ ಕೂತಿದೆ ಎಂದು ಹಿಗ್ಗಬೇಡಿ. ಅದರ ಜತೆ ಮಾತಾಡಿ, ಆಡಿಸಿ, ಅಂಗನವಾಡಿಗೆ ಕಳಿಸಿ. ನಿಮ್ಮ ಓಣಿಯ ಮಗುವನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದರೆ, ಡಬ್ಬಿ ಮನೆಯಲ್ಲಿಟ್ಟು ಮಗುವನ್ನು ಕರೆದೊಯ್ಯಿರಿ. ಒಳಗೆ ಕೂರುವುದು ಅದರ ಹಕ್ಕು. ಕೇಳಿ. ಗಟ್ಟಿಯಾಗಿ ಕೇಳಿ.