ಅಳೆದು ಕೊಟ್ಟ ನೀರು

ಅತ್ತೆ ಊರಿಗೆ ಹೋದ ಮೂರನೆಯ ದಿನ ಬೆಳಿಗ್ಗೆ ಚಂದನಾ ಶೆಡ್ಡಿನ ಗೇಟು ತೆಗೆದಾಗ ಕರಿ ಹಂದಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಬಕೆಟ್ಟಿನ ಸದ್ದಿಗೆ ಓಡಿಬರುವ ಹಂದಿ ಈಗ ತಿರುಗಿಯೂ ನೋಡಲಿಲ್ಲ. ಅದರಾಚೆ ಇನ್ನೊಂದು ಹಂದಿ ನಾಯಿಯಂತೆ ಕೂತು, ಮೂತಿ ಮೇಲಕ್ಕೆತ್ತುತ್ತ ಎತ್ತುತ್ತ ಹಿಂದಕ್ಕೆ ಮಗುಚಿ ಬಿತ್ತು. ಕಾಲು ಬಡಿದುಕೊಂಡಿತು, ಬಾಯಲ್ಲಿ ನೊರೆ ಬಂತು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಹಾಗೇ ಕೂತಿತು.

ಕೂಡ್ಲಿಗಿ ದಾಟಿ ಕೊಟ್ಟೂರು ರಸ್ತೆಯ ಪಕ್ಕದ ಆ ಶೆಡ್ಡು ಅವಳ ಅತ್ತೆ ಗಾದೆಮ್ಮನದು. ಹೋಟೆಲಿನ ಉಳಿಕೆ ತಂದು ಹಂಡೆಯಲ್ಲಿ ಕುದಿಸಿ, ತೌಡು, ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಬೆರೆಸಿ ಹಾಕುವ ಕೆಲಸವನ್ನು ಅವಳು ಮೂವತ್ತು ವರ್ಷದಲ್ಲಿ ಬೇರೆಯವರ ಕೈಗೆ ಕೊಟ್ಟವಳಲ್ಲ. ಮಾಗಳದಲ್ಲಿದ್ದ ತಂಗಿಗೆ ಹುಷಾರು ತಪ್ಪಿದ್ದಕ್ಕೆ ಹೋಗಲೇಬೇಕಾಯಿತು. ಮಗ ಹುಲುಗೇಶ್ ಬಸ್ ಕಂಡಕ್ಟರ್, ಮನೆಯಲ್ಲಿ ಇರುವುದೇ ಕಡಿಮೆ. ಹಾಗಾಗಿ ಹದಿನಾಲ್ಕು ಹಂದಿಗಳ ಹೊಟ್ಟೆ ಸೊಸೆಯ ಪಾಲಿಗೆ ಬಂದಿತ್ತು.

ಚಂದನಾ ಮೊದಲು ಫೋನ್ ಮಾಡಿದ್ದು ಅತ್ತೆಗೆ, ಆಮೇಲೆ ಪಕ್ಕದ ಹೊಲದ ಗಾಳೆಪ್ಪನಿಗೆ. ಗಂಡನ ಚಿಕ್ಕಪ್ಪನಾದ ಅವನು ಬಂದವನು ಗೇಟಿನ ಹೊರಗೇ ನಿಂತ. ಇದು ಹಂದಿ ಜ್ವರವೇ ಎಂದ. ದೂರದ ಒಂದು ಊರಲ್ಲಿ ಜೆಸಿಬಿ ತರಿಸಿ, ಗುಂಡಿ ತೋಡಿಸಿ, ಚೆನ್ನಾಗಿದ್ದ ಹಂದಿಗಳನ್ನೂ ಮುಚ್ಚಿದ್ದನ್ನು ಹೇಳಿದ. ಯಾರಿಗೂ ತಿಳಿಯುವುದರೊಳಗೆ ನಿಂತಿರುವ ಹಂದಿಗಳನ್ನು ಟೆಂಪೋಕ್ಕೆ ಏರಿಸಿ ಸಂತೆಗೆ ಸಾಗಿಸುವುದು ಒಳ್ಳೆಯದು ಎಂದ.

ಹತ್ತು ಗಂಟೆಯ ಬಸ್ಸಿಗೆ ಬಂದಿಳಿದ ಗಾದೆಮ್ಮ ಟೆಂಪೋದ ಮಾತನ್ನು ತಳ್ಳಿಹಾಕಿದಳು. ಪಶು ವೈದ್ಯ ಪಂಚಾಕ್ಷರಪ್ಪನವರಿಗೆ ಫೋನ್ ಹಚ್ಚಿದಳು. ಆಮೇಲೆ ಅವಳ ಕಣ್ಣು ಒಣಗಿದ ತೊಟ್ಟಿಯ ಮೇಲೆ ಬಿತ್ತು.

"ನೀರ್ಯಾಕ ಇಲ್ಲ?"

"ಇವತ್ತ ಮುಂಜಾನಿ ಮೋಟರ್ ಸುಟ್ಟೈತಿ ಅತ್ತಿ."

ಮೋಟರು ಸುಟ್ಟು ಎರಡು ದಿನವಾಗಿತ್ತು. ಸುಳ್ಳು ಬಾಯಿಂದ ತಾನಾಗಿಯೇ ಹೊರಬಿದ್ದಿತ್ತು. ಗಾದೆಮ್ಮ ತಲೆಯಾಡಿಸಿ, ಪಕ್ಕದ ಬೋರಿನಿಂದ ಪೈಪು ಎಳೆದುಕೊಂಡು ಬರುವಂತೆ ಗಾಳೆಪ್ಪನಿಗೆ ಹೇಳಿದಳು.

ಡಾಕ್ಟರು ಬಂದು ಥರ್ಮಾಮೀಟರ್ ಹಾಕಿ ನೋಡಿದರು. ಜ್ವರವಿರಲಿಲ್ಲ. ಅವರ ಹುಬ್ಬು ಗಂಟಿಕ್ಕಿತು. ಏನು ತಿನ್ನಿಸಿದಿರಿ ಎಂದು ಕೇಳಿದರು. ಯಾವತ್ತಿನದೇ, ಕುದಿಸಿದ ಕೂಳು, ತೌಡು, ಹಿಂಡಿ ಎಂದು ಗಾದೆಮ್ಮನೇ ಹೇಳಿದಳು. ಹಾಗಾದರೆ ರಕ್ತ ತೆಗೆದು ಕಳಿಸಬೇಕು, ವರದಿ ಬರುವವರೆಗೆ ಶೆಡ್ಡಿನಿಂದ ಏನೂ ಹೊರಗೆ ಹೋಗುವಂತಿಲ್ಲ ಎಂದು ಅವರು ಚೀಲ ಬಿಚ್ಚಿದರು.

ಚಂದನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಎಲ್ಲ ರೋಗದ ತಲೆಗೆ ಹೋಗುತ್ತದೆ. ತನ್ನತ್ತ ಯಾರೂ ಬೆರಳು ತೋರಿಸುವುದಿಲ್ಲ. ಅಷ್ಟರಲ್ಲಿ ಕರಿ ಹಂದಿಯ ಮುಂಗಾಲು ಕುಸಿಯಿತು. ಹೊರಗೆ ಗಾಳೆಪ್ಪನ ಪೈಪಿನಲ್ಲಿ ನೀರು ಬುಸುಗುಟ್ಟಿದ್ದು ಕೇಳಿ ಉಳಿದ ಹಂದಿಗಳೆಲ್ಲ ಒಮ್ಮೆಲೇ ಕಿರುಚುತ್ತ ಗೇಟಿಗೆ ಬಂದು ಬಿದ್ದವು.

"ಸರ, ನಾ ಉಪ್ಪಿನಕಾಯಿ ಹಾಕೀನ್ರಿ," ಎಂದಳು ಚಂದನಾ. "ಮದುವಿ ಮನಿದು, ಎರಡು ಬಕೆಟ್. ಉಪ್ಪುನೀರಿನ ಸಮೇತ. ಮೋಟರ್ ಸುಟ್ಟಿದ್ದೂ ಇವತ್ತಲ್ಲ, ಮೊನ್ನೆ. ಕೂಳು ನೀರಾಗೇ ಐತಲ್ಲ, ಸಾಕು ಅಂತ ತೊಟ್ಟಿ ತುಂಬಲಿಲ್ರಿ."

ಗಾದೆಮ್ಮ ಸೊಸೆಯ ಮುಖ ನೋಡಿದಳು. ಡಾಕ್ಟರು ಎದ್ದವರೇ ಪೈಪಿನತ್ತ ಕೈ ತೋರಿಸಿ, "ಅದನ್ನ ಮೊದಲು ಬಂದ್ ಮಾಡ್ರಿ. ಈಗ ಹೊಟ್ಟಿ ತುಂಬ ನೀರು ಕುಡಿದ್ರ ಒಂದೂ ಉಳಿಯಂಗಿಲ್ಲ," ಎಂದರು.

ಚಂದನಾ ಓಡಿಹೋಗಿ ವಾಲ್ವು ತಿರುಗಿಸಿದಳು.

ಉಪ್ಪು ಮಿದುಳಿಗೇರಿದೆ, ಒಮ್ಮೆಲೇ ನೀರು ಬಿದ್ದರೆ ಮಿದುಳು ಊದಿಕೊಳ್ಳುತ್ತದೆ ಎಂದು ಡಾಕ್ಟರು ವಿವರಿಸಿದರು. ಬಿದ್ದವುಗಳಿಗೆ ಇಂಜೆಕ್ಷನ್ ಕೊಟ್ಟರು. ಉಳಿದವಕ್ಕೆ ಅರ್ಧ ಗಂಟೆಗೊಮ್ಮೆ ಅರ್ಧ ಮಗ್ಗು ನೀರು, ಬೇರೆ ಬೇರೆ ಬೋಗುಣಿಯಲ್ಲಿ, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ ಎಂದರು.

ಅಂಥ ಮಧ್ಯಾಹ್ನವನ್ನು ಚಂದನಾ ಕಂಡಿರಲಿಲ್ಲ. ತಗಡಿನ ಕೆಳಗೆ ಏಪ್ರಿಲ್ ಬಿಸಿಲು ಕುದಿಯುತ್ತಿತ್ತು. ಗಾಳೆಪ್ಪ ಹಲಗೆ ಹಿಡಿದು ಒಂದೊಂದನ್ನೇ ಬೇರೆ ಮಾಡುತ್ತಿದ್ದ, ಅವಳು ಅಳೆದು ಸುರಿಯುತ್ತಿದ್ದಳು. ಒಂದು ಉಸಿರಿಗೆ ಬೋಗುಣಿ ಬರಿದಾಗುತ್ತಿತ್ತು. ಆಮೇಲೆ ಹಂದಿಗಳು ಖಾಲಿ ಬೋಗುಣಿಯನ್ನು ಕಚ್ಚಿ ಎಸೆಯುತ್ತಿದ್ದವು, ಅವಳ ಸೀರೆಯ ಒದ್ದೆ ಅಂಚನ್ನು ಚೀಪುತ್ತಿದ್ದವು. ತುಂಬಿದ ಕೊಡ ಬೆನ್ನ ಹಿಂದೆಯೇ ಇತ್ತು. ಕೊಡಬಾರದು, ಕೊಡಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಗುಚಿ ಬೀಳುತ್ತಿದ್ದ ಹಂದಿ ಒಂದು ಗಂಟೆಗೆ ಸತ್ತಿತು. ಮೂರರ ಹೊತ್ತಿಗೆ ಒಂದು ಮರಿಹಂದಿ. ಗಾದೆಮ್ಮ ಎರಡನ್ನೂ ಗೋಣಿ ಚೀಲ ಹೊದಿಸಿ ಒಂದು ಮೂಲೆಗೆ ಎಳೆದಳು. ಕರಿ ಹಂದಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಅದರ ಬಾಯಿ ಒರೆಸುತ್ತ ಕೂತಳು.

ಐದು ಗಂಟೆಗೆ ಮತ್ತೆ ಬಂದ ಡಾಕ್ಟರು ಒಂದೊಂದನ್ನೂ ನಡೆಸಿ ನೋಡಿದರು. ಇನ್ನು ಅರ್ಧ ಮಗ್ಗಿನ ಬದಲು ಒಂದು ಮಗ್ಗು ಕೊಡಬಹುದು ಎಂದರು. ಕರಿ ಹಂದಿ ಎದ್ದು ನಿಂತಿತ್ತು, ಆದರೆ ಕಣ್ಣು ಕಾಣದೆ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ನಾಲ್ಕು ದಿನದಲ್ಲಿ ತಿಳಿಯಾದೀತು, ಆಗದೆಯೂ ಇರಬಹುದು ಎಂದು ಹೇಳಿ ಅವರು ಹೋದರು.

ಮರುದಿನ ಗಾದೆಮ್ಮ ಹಂಡೆಯ ಮುಂದೆ ಕೂತು ಚಂದನಾಳನ್ನು ಕರೆದಳು. ಬೈಗುಳಕ್ಕೆ ಸಿದ್ಧವಾಗಿಯೇ ಅವಳು ಹೋಗಿ ನಿಂತಳು.

"ಕೂಳು ಕುದ್ದ ಮ್ಯಾಲೆ ಒಂದು ಹನಿ ನಾಲಿಗಿ ಮ್ಯಾಲೆ ಇಟ್ಟು ನೋಡತೀನಿ ನಾನು. ಉಪ್ಪು ಹತ್ತಿದ್ರ ಆ ನೀರು ಚೆಲ್ಲಿಬಿಡೋದು," ಎಂದಳು ಗಾದೆಮ್ಮ. "ಹಂದಿ ಕೂಳು ನೆಕ್ಕತಾಳ ಅಂತ ನಕ್ಕಾರು ಅಂತ ಯಾರಿಗೂ ಹೇಳಿರಲಿಲ್ಲ. ನಿನಗರ ಹೇಳಬೇಕಿತ್ತು." ಹಂಡೆಯ ಕೆಳಗೆ ಕಟ್ಟಿಗೆ ಒಳದೂಡಿದಳು. "ಮೋಟರಿಂದು ಸುಳ್ಳು ಹೇಳಿದ್ದು ಮಾತ್ರ ನನಗ ಇನ್ನೂ ಸಿಟ್ಟೈತಿ."

ಚಂದನಾ ತೌಡಿನ ಚೀಲ ಎಳೆದುಕೊಂಡು ಅತ್ತೆಯ ಎದುರಿಗೆ ಕೂತಳು. ಒಳಗೆ ಹನ್ನೆರಡು ಹಂದಿಗಳು ಹಸಿವಿಗೆ ಕೂಗುತ್ತಿದ್ದವು.